‘ಹಿರಿಯ’ ಅಂದ್ರೆ ಯಾರು? ಸೀನಿಯರ್, ಜ್ಯೇಷ್ಠ, ವರಿಷ್ಠ, ಮೇಲಧಿಕಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಲ್ಲಿ ಸೀನಿಯಾರಿಟಿ ಲಿಸ್ಟ್ ಬಂದಾಗ, ಮದುವೆ ಕಾರ್ಡ್ ಬರೆಸುವಾಗ, ಪೇಪರಲ್ಲಿ ಯಾರೋ ‘ಹಿರಿಯ ವಕೀಲರು’ ಅಂತ ಹಾಕಿಸ್ಕೊಂಡಾಗ, ಜಗಳ ಶುರುವಾಗೋದು ಈ ಒಂದು ಪದದ ಮೇಲೆ. ಜನ ಮತ್ತೆ ಮತ್ತೆ ಕೇಳೋದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದೀನಿ, ಬೇಕಾದ ಪ್ರಶ್ನೆಗೆ ನೇರ ಹೋಗಿ ಓದ್ಕೊಳ್ಳಿ.

‘ಹಿರಿಯ’ ಅಂದ್ರೆ ವಯಸ್ಸಲ್ಲಿ ದೊಡ್ಡವರಾ, ಸರ್ವಿಸಲ್ಲಿ ದೊಡ್ಡವರಾ, ಹುದ್ದೆಯಲ್ಲಿ ದೊಡ್ಡವರಾ?

ಮೂರೂ ಹೌದು, ತೊಂದರೆ ಇರೋದೇ ಅಲ್ಲಿ. ಒಂದು ತಾಲ್ಲೂಕು ಕಚೇರಿ ತಗೊಳ್ಳಿ. ತಂದೆ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಚಿಕ್ಕ ವಯಸ್ಸಲ್ಲೇ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿ ಇಪ್ಪತ್ತು ವರ್ಷ ಆದವರು ಒಬ್ಬರು, ಬೇರೆ ಎಲ್ಲೋ ಕೆಲಸ ಮಾಡಿ ತಡವಾಗಿ ಪರೀಕ್ಷೆ ಪಾಸ್ ಮಾಡಿ ಅದೇ ಎಸ್‌ಡಿಎ ಹುದ್ದೆಗೆ ಈಚೆಗೆ ಬಂದ, ವಯಸ್ಸಲ್ಲಿ ದೊಡ್ಡವರಾದ ಇನ್ನೊಬ್ಬರು, ಇವರಿಬ್ಬರ ಫೈಲಿಗೂ ಸಹಿ ಹಾಕೋ ತಹಶೀಲ್ದಾರ್ ಮಾತ್ರ ಇನ್ನೂ ಮೂವತ್ತು ದಾಟದ ಹುಡುಗಿ. ಇದರಲ್ಲಿ ಹಿರಿಯರು ಯಾರು? ಟೀ ಕುಡಿಯುವಾಗ ಒಬ್ಬರು, ಬಡ್ತಿ ಪಟ್ಟಿಯಲ್ಲಿ ಒಬ್ಬರು, ಸಹಿ ಹಾಕುವಾಗ ಇನ್ನೊಬ್ಬರು. ಹಾಗಾಗಿ ‘ಅವರು ಹಿರಿಯರು’ ಅಂತ ಯಾರಾದ್ರೂ ಅಂದ್ರೆ ‘ಯಾವ ಲೆಕ್ಕದಲ್ಲಿ, ಯಾವ ತಾರೀಕಿಂದ’ ಅಂತ ಕೇಳೋದು ತಪ್ಪಲ್ಲ. ಈ ಪುಟದಲ್ಲಿರೋ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ.

ಈ ಪದ ಎಲ್ಲಿಂದ ಬಂತು? ಸಂಸ್ಕೃತದ್ದಾ?

ಅಲ್ಲ, ಅಚ್ಚ ಕನ್ನಡ. ಹಳೆಗನ್ನಡದಲ್ಲಿ ‘ಪಿರಿಯ’ ಅಂತಿತ್ತು, ಆಮೇಲೆ ಪಕಾರ ಹೋಗಿ ಹಕಾರ ಬಂತು, ಪಾಲು ಹಾಲಾದ ಹಾಗೆ, ಪುಲಿ ಹುಲಿ ಆದ ಹಾಗೆ. ತಮಿಳಲ್ಲಿ ಇವತ್ತಿಗೂ ‘ಪೆರಿಯ’ ಅಂತಾನೇ ಇದೆ, ಅದರ ಗೌರವದ ರೂಪ ಪೆರಿಯಾರ್. ಮೂಲ ಅರ್ಥ ಬರೀ ‘ದೊಡ್ಡದು’. ಶಾಲೆಯಲ್ಲಿ ಸಮಾಸ ಬಿಡಿಸಿದ್ದು ನೆನಪಿರಬಹುದು: ಹಿರಿದಾದ ದಾರಿ ಹೆದ್ದಾರಿ, ಹಿರಿದಾದ ಬಾಗಿಲು ಹೆಬ್ಬಾಗಿಲು, ಹಿರಿದಾದ ಮರ ಹೆಮ್ಮರ. ಅಲ್ಲೆಲ್ಲ ವಯಸ್ಸಿನ ಮಾತೇ ಇಲ್ಲ.

ಹುದ್ದೆಯ ಅರ್ಥವೂ ಹೊಸದೇನಲ್ಲ. ಹಳೇ ಶಾಸನಗಳಲ್ಲಿ ‘ಪೆರ್ಗಡೆ’ ಅಂತ ಬರುತ್ತೆ, ದೊಡ್ಡ ಅಧಿಕಾರಿ ಅಂತ ಅರ್ಥ, ಅದೇ ಮುಂದೆ ಹೆಗ್ಗಡೆ, ಹೆಗಡೆ, ಹೆಗ್ಡೆ ಆಗಿ ಈಗ ಮನೆತನದ ಹೆಸರಾಗಿ ಉಳ್ಕೊಂಡಿದೆ. ಅಂದ್ರೆ ಒಂದು ಕಾಲದ ಡೆಸಿಗ್ನೇಶನ್ ಇವತ್ತು ಆಧಾರ್ ಕಾರ್ಡಲ್ಲಿ ಸರ್‌ನೇಮ್.

ಹಿರಿಯ, ಹಿರಿ, ಹಿರೇ: ಯಾವುದನ್ನ ಎಲ್ಲಿ ಹಾಕೋದು?

ಮನೆ ಒಳಗೆ ‘ಹಿರಿ’: ಹಿರಿ ಮಗ, ಹಿರಿ ಸೊಸೆ. ಊರ ಹೆಸರಲ್ಲಿ ‘ಹಿರೇ’: ಹಿರೇಕೆರೂರು, ಹಿರೇಬೆಣಕಲ್, ಮನೆತನದಲ್ಲಿ ಹಿರೇಮಠ. ಹಿರಿಯೂರು ಥರ ಪೂರ್ತಿ ‘ಹಿರಿಯ’ ಉಳಿಸ್ಕೊಂಡಿರೋ ಊರೂ ಇವೆ. ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರಿನ ಕಥೆ ಗೊತ್ತಿರತ್ತೆ, ಸಖರಾಯಪಟ್ಟಣದ ರುಕ್ಮಾಂಗದ ತನ್ನ ಹಿರಿ ಮಗಳಿಗೆ ಒಂದು ಊರು ಚಿಕ್ಕ ಮಗಳಿಗೆ ಒಂದು ಊರು ಬಳುವಳಿ ಕೊಟ್ಟ ಅಂತ. ಐತಿಹ್ಯ ಅಷ್ಟೇ, ಆದ್ರೆ ತಮಾಷೆ ನೋಡಿ, ಇವತ್ತು ಜಿಲ್ಲಾ ಕೇಂದ್ರ ಆಗಿರೋದು ಚಿಕ್ಕ ಮಗಳು.

ಹುದ್ದೆ, ಗೌರವ, ಕ್ಷೇತ್ರದ ಅನುಭವ ಇದಕ್ಕೆಲ್ಲ ಪೂರ್ತಿ ‘ಹಿರಿಯ’: ಹಿರಿಯ ಅಧಿಕಾರಿ, ಹಿರಿಯ ನಟಿ. ಹಳ್ಳಿ ಪಂಚಾಯ್ತಿಕೆಗೆ ಕೂರೋರು ‘ಹಿರೀಕರು’, ಈ ರೂಪ ಆಫೀಸಿಗೆ ಬರಲ್ಲ. ಒಬ್ಬರೇ ಇದ್ರೂ ‘ಹಿರಿಯರು’ ಅಂತ ಬಹುವಚನ ಹಾಕೋದು ಮರ್ಯಾದೆ, ‘ಅವನು ನನಗಿಂತ ಹಿರಿಯ’ ಅನ್ನೋದು ಅಣ್ಣನ ಬಗ್ಗೆಯೋ ಕ್ಲಾಸ್‌ಮೇಟ್ ಬಗ್ಗೆಯೋ ಮಾತ್ರ.

ಹೋಲಿಸೋಕೆ ‘ಗಿಂತ’ ಒಂದು ಸಾಕು. ‘ಹೆಚ್ಚು ಹಿರಿಯ’ ಅಂತ ಬರೆಯೋದು ಈಗ ಶುರುವಾಗಿದೆ, ಕಿವಿಗೆ ಚುಚ್ಚುತ್ತೆ.

ಜ್ಯೇಷ್ಠತೆ ಮತ್ತು ಹಿರಿತನ ಒಂದೇನಾ? ‘ಜೇಷ್ಠತೆ’ ಅಂತಾನೂ ಬರೀತಾರಲ್ಲ?

‘ಜ್ಯೇಷ್ಠ’ ಸರಿ, ಯ ಒತ್ತು ಬಿಟ್ಟು ‘ಜೇಷ್ಠ’ ಅಂತ ಬರೆಯೋದು ತಪ್ಪು, ಸರ್ಕಾರಿ ಸುತ್ತೋಲೆಗಳಲ್ಲೇ ಧಾರಾಳವಾಗಿ ಸಿಗುತ್ತೆ ಅನ್ನೋದು ಬೇರೆ ಮಾತು. ಸಂಸ್ಕೃತದಲ್ಲಿ ಇದರ ಅರ್ಥವೇ ‘ಎಲ್ಲರಿಗಿಂತ ಹಿರಿಯ’, ಹಾಗಾಗಿ ‘ಜ್ಯೇಷ್ಠತಮ’ ಅಂದ್ರೆ ಎರಡು ಸಲ ಹೇಳಿದ ಹಾಗೆ.

ಬಳಕೆಯಲ್ಲಿ ವ್ಯತ್ಯಾಸ ಇದೆ. ಹಿರಿತನ ಅನ್ನೋದು ಮಾತು, ಜ್ಯೇಷ್ಠತೆ ಅನ್ನೋದು ದಾಖಲೆ. ‘ಅವರ ಹಿರಿತನಕ್ಕೆ ಬೆಲೆ ಕೊಡಲಿಲ್ಲ’ ಅಂದ್ರೆ ಬೇಜಾರು, ‘ಅವರ ಜ್ಯೇಷ್ಠತೆ ಕಡೆಗಣಿಸಿದ್ರು’ ಅಂದ್ರೆ ಕೇಸು, ಮುಂದಿನ ವಾರ ಕೆಎಟಿ, ಅಂದ್ರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಮುಂದೆ ಅರ್ಜಿ.

ಹಾಗಾದ್ರೆ ಸರ್ಕಾರಿ ನೌಕರಿಯಲ್ಲಿ ಯಾರು ಸೀನಿಯರ್ ಅಂತ ಹೇಗೆ ತೀರ್ಮಾನ ಮಾಡ್ತಾರೆ?

ರಾಜ್ಯ ಸರ್ಕಾರಿ ನೌಕರರಿಗೆ ಇದಕ್ಕೇ ಅಂತ 1957ರ ಜ್ಯೇಷ್ಠತಾ ನಿಯಮಗಳು ಇವೆ. ಮುಖ್ಯವಾದ ತತ್ವ ಏನಂದ್ರೆ ಜ್ಯೇಷ್ಠತೆಯನ್ನ ಒಟ್ಟು ಸರ್ವಿಸಿಗಲ್ಲ, ಒಂದು ವೃಂದಕ್ಕೆ ಲೆಕ್ಕ ಹಾಕೋದು. ವೃಂದ ಅಂದ್ರೆ ಕೇಡರ್. ನೀವು ಎಸ್‌ಡಿಎ ಆಗಿ ಹತ್ತು ವರ್ಷ ದುಡಿದು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಬಡ್ತಿ ತಗೊಂಡ್ರೆ ಎಫ್‌ಡಿಎ ಪಟ್ಟಿಯಲ್ಲಿ ನಿಮ್ಮ ಹತ್ತು ವರ್ಷ ಲೆಕ್ಕಕ್ಕಿಲ್ಲ, ಆ ಹುದ್ದೆಗೆ ಕ್ರಮಬದ್ಧವಾಗಿ ಬಂದ ದಿನದಿಂದ ಎಣಿಕೆ. ನಿಮಗಿಂತ ಒಂದು ತಿಂಗಳು ಮೊದಲು ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಮೂಲಕ ನೇರವಾಗಿ ಎಫ್‌ಡಿಎ ಆಗಿ ಬಂದ ಹುಡುಗ ನಿಮಗಿಂತ ಸೀನಿಯರ್, ನೀವೇ ಅವನಿಗೆ ಟಿಪ್ಪಣಿ ಹಾಕೋದು ಹೇಳಿಕೊಟ್ಟಿದ್ರೂ.

ಒಂದೇ ದಿನ ಒಬ್ಬರು ಬಡ್ತಿಯಿಂದ ಇನ್ನೊಬ್ಬರು ನೇರ ನೇಮಕಾತಿಯಿಂದ ಬಂದ್ರೆ? ನೇರ ನೇಮಕಾತಿಯವರು ಮೇಲೆ. ಇದನ್ನ ಕೇಳಿದಾಗ ಬಡ್ತಿಯವರು ಒಪ್ಪಲ್ಲ, ಆದ್ರೆ ನಿಯಮ ಹಾಗೇ ಇದೆ. ಒಂದೇ ದಿನ ಬಡ್ತಿ ಪಡೆದವರ ನಡುವೆ ಕೆಳಗಿನ ವೃಂದದಲ್ಲಿ ಯಾರು ಮುಂದಿದ್ರೋ ಅವರೇ ಮುಂದೆ. ಒಂದೇ ಆಯ್ಕೆ ಪಟ್ಟಿಯಿಂದ ಬಂದವರಿಗೆ ಆ ಪಟ್ಟಿಯ ಮೆರಿಟ್ ಕ್ರಮ, ಯಾರು ಬೆಳಿಗ್ಗೆ ಓಡಿ ಬಂದು ಮೊದಲು ರಿಪೋರ್ಟ್ ಮಾಡ್ಕೊಂಡ್ರು ಅನ್ನೋದಲ್ಲ. ವಯಸ್ಸು ಬರೋದು ಅಪರೂಪ, ಆಯ್ಕೆಯಲ್ಲಿ ಅಂಕ ಸಮ ಬಂದ್ರೆ ಸಾಮಾನ್ಯವಾಗಿ ವಯಸ್ಸಲ್ಲಿ ದೊಡ್ಡವರನ್ನ ಮೇಲೆ ಹಾಕ್ತಾರೆ, ಅಷ್ಟೇ.

ಪಟ್ಟಿ ಬರೋ ರೀತಿ ಹೀಗೆ: ಮೊದಲು ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ, ಆಕ್ಷೇಪಣೆಗೆ ಇಷ್ಟು ದಿನ ಅಂತ ಗಡುವು, ಆಮೇಲೆ ಅಂತಿಮ ಪಟ್ಟಿ. ತಾತ್ಕಾಲಿಕ ಪಟ್ಟಿ ಬಂದ ದಿನ ನಿಮ್ಮ ಹೆಸರಿನ ಮುಂದೆ ಇರೋ ಕಾಲಂಗಳನ್ನೆಲ್ಲ ಸೇವಾ ಪುಸ್ತಕ ಇಟ್ಕೊಂಡು ತಾಳೆ ನೋಡಿ: ಹುಟ್ಟಿದ ದಿನಾಂಕ, ಸೇವೆಗೆ ಸೇರಿದ ದಿನಾಂಕ, ಈಗಿನ ವೃಂದಕ್ಕೆ ಬಂದ ದಿನಾಂಕ, ಪ್ರವರ್ಗ. ತುಂಬಾ ಜನ ಹೆಸರಿದೆಯಾ ಅಂತ ಮಾತ್ರ ನೋಡಿ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿ ಸುಮ್ಮನಾಗ್ತಾರೆ, ಗಡುವು ಮುಗಿದ ಮೇಲೆ ಎದ್ದು ಕೂರ್ತಾರೆ.

‘ತತ್ಪರಿಣಾಮ ಜ್ಯೇಷ್ಠತೆ’ ಅಂತ ಪೇಪರಲ್ಲಿ ಬರ್ತಿತ್ತಲ್ಲ, ಅದೇನು?

ಮೀಸಲಾತಿಯಲ್ಲಿ ಒಬ್ಬರು ಬೇಗ ಬಡ್ತಿ ಪಡೀತಾರೆ ಅಂತಿಟ್ಕೊಳ್ಳಿ. ಮೇಲಿನ ಹುದ್ದೆಗೆ ಮೊದಲು ಬಂದಿದ್ದರಿಂದ ಅಲ್ಲಿನ ಪಟ್ಟಿಯಲ್ಲೂ ಅವರೇ ಮೊದಲಾ, ಅಥವಾ ಕೆಳಗಿನ ಹುದ್ದೆಯಲ್ಲಿ ಅವರಿಗಿಂತ ಮುಂದಿದ್ದವರು ಆಮೇಲೆ ಬಡ್ತಿ ಪಡೆದು ಬಂದಾಗ ಹಳೇ ಜಾಗ ವಾಪಸ್ ಸಿಗುತ್ತಾ, ಇದೇ ಪ್ರಶ್ನೆ. ಬಡ್ತಿಯ ಜೊತೆ ಅದರ ಪರಿಣಾಮವಾಗಿ ಸಿಗೋ ಜ್ಯೇಷ್ಠತೆಯೂ ಇರಲಿ ಅನ್ನೋದು ತತ್ಪರಿಣಾಮ ಜ್ಯೇಷ್ಠತೆ. ಕರ್ನಾಟಕದ 2002ರ ಕಾಯ್ದೆಯನ್ನ ಸುಪ್ರೀಂ ಕೋರ್ಟ್ 2017ರಲ್ಲಿ ಹೊಡೆದು ಹಾಕ್ತು, ಮೀಸಲಾತಿಗೆ ಬೇಕಾದ ಅಂಕಿಅಂಶ ಸಂಗ್ರಹಿಸಿಲ್ಲ ಅಂತ. ಸರ್ಕಾರ ಅಂಕಿಅಂಶ ಸಂಗ್ರಹಿಸಿ ಹೊಸ ಕಾಯ್ದೆ ಮಾಡ್ತು, 2018ರಲ್ಲಿ ರಾಷ್ಟ್ರಪತಿ ಅಂಕಿತ ಸಿಕ್ತು, 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ಮಧ್ಯದ ಎರಡು ವರ್ಷ ಇಲಾಖೆಗಳಲ್ಲಿ ಪಟ್ಟಿಗಳು ಬದಲಾಗಿ ಕೆಲವರಿಗೆ ಹಿಂಬಡ್ತಿಯೂ ಆಯ್ತು. ಒಂದು ಪದದ ಅರ್ಥಕ್ಕೆ ಎಷ್ಟು ತೂಕ ಅಂತ ಆ ಎರಡು ವರ್ಷ ಲೋಕೋಪಯೋಗಿ ಇಲಾಖೆಯಲ್ಲೋ ನೀರಾವರಿಯಲ್ಲೋ ಇದ್ದವರನ್ನ ಕೇಳಿ.

ಊರಿಗೆ ವರ್ಗಾವಣೆ ತಗೊಂಡ್ರೆ ಸೀನಿಯಾರಿಟಿ ಹೋಗುತ್ತಂತೆ, ನಿಜಾನಾ?

ಜ್ಯೇಷ್ಠತಾ ಘಟಕ, ಅಂದ್ರೆ ಒಂದೇ ಜ್ಯೇಷ್ಠತಾ ಪಟ್ಟಿ ನಡೆಯೋ ವ್ಯಾಪ್ತಿ, ಬದಲಾದ್ರೆ ನಿಜ. ಪ್ರಾಥಮಿಕ ಶಾಲಾ ಶಿಕ್ಷಕರದ್ದು ಜಿಲ್ಲಾ ಮಟ್ಟದ ಪಟ್ಟಿ. ಸ್ವಂತ ಕೋರಿಕೆ ಮೇಲೆ ಯಾದಗಿರಿಯಿಂದ ಹಾಸನಕ್ಕೆ ಬಂದ್ರೆ ಹಾಸನದ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ನಿಮ್ಮದು, ಯಾದಗಿರಿಯಲ್ಲಿ ಹದಿನೈದು ವರ್ಷ ಪಾಠ ಮಾಡಿದ್ರೂ ಅಷ್ಟೇ. ಸಂಬಳ ಕಮ್ಮಿ ಆಗಲ್ಲ, ಪಿಂಚಣಿ ಲೆಕ್ಕಕ್ಕೆ ಹಳೇ ಸೇವೆ ಇರುತ್ತೆ, ಬಡ್ತಿಯ ಸರದಿ ಮಾತ್ರ ಹೋಗುತ್ತೆ. ಅಪ್ಪ ಅಮ್ಮನ್ನ ನೋಡ್ಕೊಳ್ಳೋಕೆ, ಗಂಡ ಹೆಂಡತಿ ಒಂದೇ ಊರಲ್ಲಿರೋಕೆ ಅಂತ ಗೊತ್ತಿದ್ದೇ ಮುಖ್ಯ ಶಿಕ್ಷಕರ ಕುರ್ಚಿ ಬಿಟ್ಟು ಬರೋರು ಬೇಕಾದಷ್ಟು ಜನ ಇದ್ದಾರೆ. ಸರ್ಕಾರವೇ ಸಾರ್ವಜನಿಕ ಹಿತಾಸಕ್ತಿಯಿಂದ ಎತ್ತಿ ಹಾಕಿದ್ರೆ ಲೆಕ್ಕ ಬೇರೆ, ಹಾಗಾಗಿ ಆದೇಶದಲ್ಲಿ ‘ಸ್ವಂತ ಕೋರಿಕೆ ಮೇರೆಗೆ’ ಅನ್ನೋ ಮೂರು ಪದ ಇದೆಯಾ ಇಲ್ವಾ ಅಂತ ಮೊದಲು ನೋಡಿ.

ಪ್ರಭಾರದಲ್ಲಿ ಇದ್ದೋರು ಹಿರಿಯರಾ?

ಕುರ್ಚಿಯಲ್ಲಿ ಹೌದು, ಪಟ್ಟಿಯಲ್ಲಿ ಅಲ್ಲ. ‘ಪ್ರಭಾರ ಮುಖ್ಯ ಶಿಕ್ಷಕರು’ ಅಂತ ಬೋರ್ಡ್ ಇದ್ರೆ ಅವರು ಸಹ ಶಿಕ್ಷಕರೇ, ಜವಾಬ್ದಾರಿ ಮಾತ್ರ ಹೆಚ್ಚು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ನಿಯಮ 32ರಲ್ಲಿ ಸ್ವತಂತ್ರ ಪ್ರಭಾರ, ನಿಯಮ 68ರಲ್ಲಿ ಹೆಚ್ಚುವರಿ ಪ್ರಭಾರ. ನಿಯಮ 32ರಲ್ಲಿ ವರ್ಷಗಟ್ಟಲೆ ಮೇಲಿನ ಹುದ್ದೆ ನಿಭಾಯಿಸಿದವರೂ ‘ನಾನು ಆ ಕೇಡರಲ್ಲಿ ಇಷ್ಟು ವರ್ಷ ಇದ್ದೆ’ ಅಂತ ಜ್ಯೇಷ್ಠತೆ ಕೇಳೋಕೆ ಬರಲ್ಲ. ಮನೆ ಮುಂದೆ ನಾಮಫಲಕ ಹಾಕ್ಕೋಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಹುದ್ದೆಯ ಹೆಸರಲ್ಲಿ ‘ಹಿರಿಯ’ ಇದ್ರೆ ಅದು ದೊಡ್ಡ ಹುದ್ದೆ ಅಂತಾನಾ?

ಅದರ ಪಕ್ಕದ ಹುದ್ದೆಗಿಂತ ದೊಡ್ಡದು, ಅಷ್ಟು ಮಾತ್ರ ಖಾತ್ರಿ. ವಿಧಾನಸೌಧದ ಸಚಿವಾಲಯದಲ್ಲಿ ಕಿರಿಯ ಸಹಾಯಕ, ಸಹಾಯಕ, ಹಿರಿಯ ಸಹಾಯಕ ಆದ ಮೇಲೆ ಶಾಖಾಧಿಕಾರಿ, ಆಮೇಲೆ ಅಧೀನ ಕಾರ್ಯದರ್ಶಿ. ಹೊರಗಿನವರಿಗೆ ‘ಹಿರಿಯ’ ಅಂತ ಇರೋದು ದೊಡ್ಡದು, ‘ಅಧೀನ’ ಅಂತ ಇರೋದು ಚಿಕ್ಕದು ಅನ್ಸುತ್ತೆ, ಇರೋದು ಉಲ್ಟಾ.

ಲೋಕೋಪಯೋಗಿ ಇಲಾಖೆ ಇನ್ನೂ ಮಜಾ. ಅಲ್ಲಿ ಕಿರಿಯ ಇಂಜಿನಿಯರ್ ಇದ್ದಾರೆ, ಹಿರಿಯ ಇಂಜಿನಿಯರ್ ಅನ್ನೋರೇ ಇಲ್ಲ. ಸಹಾಯಕ, ಸಹಾಯಕ ಕಾರ್ಯಪಾಲಕ, ಕಾರ್ಯಪಾಲಕ, ಅಧೀಕ್ಷಕ, ಮುಖ್ಯ ಅಂತ ಹೋಗ್ತಾರೆ, ಬಾಯಲ್ಲಿ ಎಇ, ಎಇಇ, ಇಇ, ಎಸ್‌ಇ, ಸಿಇ. ಕೆಎಎಸ್ ಅಧಿಕಾರಿಗಳ ವರ್ಗಾವಣೆ ಆದೇಶದಲ್ಲಿ ‘ಕೆಎಎಸ್, ಹಿರಿಯ ಶ್ರೇಣಿ’ ಅಂತ ಬರುತ್ತಲ್ಲ, ಅದು ಹುದ್ದೆಯೇ ಅಲ್ಲ, ವೇತನ ಶ್ರೇಣಿ, ಅದರ ಮೇಲೆ ಆಯ್ಕೆ ಶ್ರೇಣಿ ಇದೆ.

ಇನ್ನು ಶಾಲೆ ಬೋರ್ಡಿನ ‘ಸ.ಹಿ.ಪ್ರಾ. ಶಾಲೆ’. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಅಂದ್ರೆ ಏಳನೇ ಅಥವಾ ಎಂಟನೇ ಕ್ಲಾಸ್ ತನಕ ಇದೆ ಅಂತ. ‘ಸ.ಕಿ.ಪ್ರಾ.’ ಅಂದ್ರೆ ಐದರ ತನಕ. ಅಲ್ಲಿ ಹಿರಿಯ ಅನ್ನೋದು ಮೇಲಿನ ತರಗತಿಗಳ ಗುರುತು, ಶಾಲೆ ಹಳೇದು ಅಂತಲ್ಲ.

ಅಪರ, ಪ್ರಧಾನ, ಮುಖ್ಯ: ಇವುಗಳಲ್ಲಿ ಯಾವುದು ಮೇಲೆ?

ಅಪರ ಅನ್ನೋದು ತಾನಾಗೇ ಮೇಲೂ ಅಲ್ಲ ಕೆಳಗೂ ಅಲ್ಲ, ಯಾವ ಹುದ್ದೆಗೆ ಅಂಟಿಕೊಂಡಿದೆಯೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅಪರ ಜಿಲ್ಲಾಧಿಕಾರಿ ಜಿಲ್ಲಾಧಿಕಾರಿಗಿಂತ ಕೆಳಗೆ. ಅಪರ ಮುಖ್ಯ ಕಾರ್ಯದರ್ಶಿ ಮುಖ್ಯ ಕಾರ್ಯದರ್ಶಿಗಿಂತ ಕೆಳಗೆ, ಆದ್ರೆ ಪ್ರಧಾನ ಕಾರ್ಯದರ್ಶಿಗಿಂತ ಮೇಲೆ. ‘ಪ್ರಧಾನ ಕಾರ್ಯದರ್ಶಿ’ ಅಂದ್ರೆ ಸರ್ಕಾರದಲ್ಲಿ ಐಎಎಸ್ ಅಧಿಕಾರಿ, ಪಕ್ಷದಲ್ಲಿ ಅಧ್ಯಕ್ಷರ ಕೆಳಗಿನ ಪದಾಧಿಕಾರಿ, ಗಣೇಶ ಸಮಿತಿಯಲ್ಲಿ ಚಂದಾ ಬುಕ್ ಇಟ್ಕೊಂಡಿರೋ ಹುಡುಗ.

‘ವರಿಷ್ಠ’ ಅಂದ್ರೂ ಹಿರಿಯ ಅಂತಾನೇ ಅಲ್ವಾ?

ಹಿಂದಿಯಲ್ಲಿ ಹೌದು. ಕನ್ನಡದಲ್ಲಿ ಇದು ಒಂದು ಹೆಜ್ಜೆ ಮೇಲೆ ಹೋಗಿ ಕೂತಿದೆ. ಪಕ್ಷದ ವರಿಷ್ಠರು ಅಂದ್ರೆ ದೆಹಲಿಯ ಹೈಕಮಾಂಡ್. ‘ಜೆಡಿಎಸ್ ವರಿಷ್ಠ’ ಅಂತ ಪೇಪರಲ್ಲಿ ಬಂದ್ರೆ ದೇವೇಗೌಡರು, ಆ ಪಕ್ಷದ ಹಳೇ ಎಂಎಲ್‌ಎಗಳು ಬರೀ ಹಿರಿಯರು. ಜಿಲ್ಲಾ ಎಸ್‌ಪಿಗೆ ಪತ್ರಿಕೆಗಳು ‘ಪೊಲೀಸ್ ವರಿಷ್ಠಾಧಿಕಾರಿ’ ಅಂತ ಬರೆದೂ ಬರೆದೂ ಅದು ನಿಂತು ಹೋಗಿದೆ, ಕಚೇರಿ ಬೋರ್ಡಲ್ಲಿ ‘ಪೊಲೀಸ್ ಅಧೀಕ್ಷಕರು’ ಅಂತಲೂ ಕಾಣುತ್ತೆ, ಎರಡೂ ಒಬ್ಬರೇ. ಹಾಗಾಗಿ ಹಿಂದಿಯ ‘ವರಿಷ್ಠ್ ನಾಗರಿಕ್’ ನೋಡಿ ಕನ್ನಡದಲ್ಲಿ ‘ವರಿಷ್ಠ ನಾಗರಿಕ’ ಅಂತ ಬರೆದ್ರೆ ಯಾವುದೋ ಪಕ್ಷ ನಡೆಸೋರ ಥರ ಕೇಳುತ್ತೆ. ಹಿರಿಯ ನಾಗರಿಕ ಅಂತಾನೇ ಬರೀರಿ.

ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿರೋ ಲಾಯರ್‌ನ ‘ಹಿರಿಯ ವಕೀಲರು’ ಅನ್ನಬಹುದಾ?

ಮಾತಲ್ಲಿ ಅನ್ನಿ, ಕಾಗದದಲ್ಲಿ ಹುಷಾರು. 1961ರ ವಕೀಲರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ವಕೀಲರಲ್ಲಿ ಎರಡೇ ವರ್ಗ, ಹಿರಿಯ ವಕೀಲರು ಮತ್ತು ಉಳಿದವರು. ಹಿರಿಯ ಅನ್ನೋ ಪದನಾಮ ಕೊಡೋದು ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್, ಸಾಮರ್ಥ್ಯ, ವಕೀಲಿಕೆಯಲ್ಲಿನ ಸ್ಥಾನ, ಕಾನೂನಿನ ವಿಶೇಷ ಜ್ಞಾನ ನೋಡಿ, ಅದೂ ವಕೀಲರ ಒಪ್ಪಿಗೆ ಇದ್ರೆ. ಅದಾದ ಮೇಲೆ ಅವರು ವಕಾಲತ್ತು ಹಾಕೋ ಹಾಗಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸ್ ತಗೊಳ್ಳೋ ಹಾಗಿಲ್ಲ, ಜೊತೆಗೆ ಇನ್ನೊಬ್ಬ ವಕೀಲರು ಇಲ್ದೆ ಹಾಜರಾಗೋ ಹಾಗೂ ಇಲ್ಲ, ಗೌನ್ ಕೂಡ ಬೇರೆ. ನಿಮ್ಮ ಜಮೀನಿನ ಕೇಸಿಗೆ ತಾವೇ ವಕಾಲತ್ತಿಗೆ ಸಹಿ ಹಾಕಿದ ‘ಹಿರಿಯ ವಕೀಲರು’ ಕಾಯ್ದೆಯ ಅರ್ಥದಲ್ಲಿ ಹಿರಿಯ ವಕೀಲರಲ್ಲ, ತುಂಬಾ ಅನುಭವ ಇರೋ ವಕೀಲರು ಅಷ್ಟೇ. ಅದರಿಂದ ಕೇಸಿಗೇನೂ ನಷ್ಟ ಇಲ್ಲ.

ಇದೇ ಥರ ‘ಹಿರಿಯ ಸಿವಿಲ್ ನ್ಯಾಯಾಧೀಶರು’ ಅನ್ನೋದು ಗೌರವದ ಮಾತಲ್ಲ, ಸಿವಿಲ್ ನ್ಯಾಯಾಧೀಶರ ಮೇಲಿನ, ಜಿಲ್ಲಾ ನ್ಯಾಯಾಧೀಶರ ಕೆಳಗಿನ ಹುದ್ದೆ.

‘ಹಿರಿಯ ಪತ್ರಕರ್ತ’ಕ್ಕೆ ಮಾತ್ರ ಯಾವ ಕಾಯ್ದೆಯೂ ಇಲ್ಲ. ಟಿವಿ ಡಿಬೇಟಿಗೆ ಎರಡನೇ ಸಲ ಕರೆದ್ರೆ ಸಿಗುತ್ತೆ.

ಸುಪ್ರೀಂ ಕೋರ್ಟಲ್ಲಿ ‘ಅತ್ಯಂತ ಹಿರಿಯ ನ್ಯಾಯಮೂರ್ತಿ’ ಅಂದ್ರೆ ವಯಸ್ಸಿನ ಲೆಕ್ಕಾನಾ?

ಅಲ್ಲವೇ ಅಲ್ಲ, ಸುಪ್ರೀಂ ಕೋರ್ಟಿಗೆ ಬಂದ ದಿನದ ಲೆಕ್ಕ, ಒಂದೇ ದಿನ ಬಂದ್ರೆ ಆ ದಿನದ ಸಾಲಲ್ಲಿ ಯಾರು ಮುಂದೆ ಅನ್ನೋ ಲೆಕ್ಕ. 2011ರ ಅಕ್ಟೋಬರ್ 10ರಂದು ಚಲಮೇಶ್ವರ್ ಮತ್ತು ದೀಪಕ್ ಮಿಶ್ರಾ ಇಬ್ಬರೂ ಪ್ರಮಾಣವಚನ ತಗೊಂಡ್ರು. ಚಲಮೇಶ್ವರ್ ಹುಟ್ಟಿದ್ದು 1953ರ ಜೂನ್, ಮಿಶ್ರಾ ಅದೇ ವರ್ಷ ಅಕ್ಟೋಬರ್. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದೂ ಚಲಮೇಶ್ವರ್ ಅವರೇ ಮೊದಲು. ಆದ್ರೆ ಆ ದಿನ ಸಾಲಲ್ಲಿ ಮುಂದಿದ್ದದ್ದು ಮಿಶ್ರಾ, 2017ರಲ್ಲಿ ಮುಖ್ಯ ನ್ಯಾಯಮೂರ್ತಿ ಆಗಿದ್ದೂ ಮಿಶ್ರಾ. ವಯಸ್ಸಲ್ಲಿ ದೊಡ್ಡವರಾದ ಚಲಮೇಶ್ವರ್ ಎರಡನೇ ಸ್ಥಾನದಲ್ಲೇ 2018ರ ಜೂನಲ್ಲಿ ನಿವೃತ್ತರಾದ್ರು.

ಇದು ಸಂಪ್ರದಾಯ, ಸಂವಿಧಾನದಲ್ಲಿ ‘ಅತ್ಯಂತ ಹಿರಿಯರನ್ನೇ ಮಾಡಿ’ ಅಂತ ಬರೆದಿಲ್ಲ. ಮುರಿದಿದ್ದೂ ಉಂಟು. 1973ರ ಏಪ್ರಿಲಲ್ಲಿ ಕೇಶವಾನಂದ ಭಾರತಿ ತೀರ್ಪು (ಸಂವಿಧಾನದ ಮೂಲ ಸ್ವರೂಪವನ್ನ ಸಂಸತ್ತು ಬದಲಿಸೋ ಹಾಗಿಲ್ಲ ಅಂದಿದ್ದು) ಬಂದ ಬೆನ್ನಿಗೇ ಇಂದಿರಾ ಗಾಂಧಿ ಸರ್ಕಾರ ಶೆಲಟ್, ಹೆಗ್ಡೆ, ಗ್ರೋವರ್ ಮೂವರನ್ನ ದಾಟಿ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡ್ತು, ಮೂವರೂ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು. ಆ ಹೆಗ್ಡೆ ನಮ್ಮವರು, ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಆಮೇಲೆ 1977ರಲ್ಲಿ ಜನತಾ ಪಕ್ಷದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದ್ರು. ಕೇಶವಾನಂದ ಭಾರತಿ ಕೇಸು ಕೂಡ ನಮ್ಮ ಗಡಿಯ ಪಕ್ಕದ್ದೇ, ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರದ್ದು. ಹೀಗೆ ಹಿರಿಯರನ್ನ ದಾಟಿ ನೇಮಿಸೋದಕ್ಕೆ ‘ಸೂಪರ್‌ಸೀಡ್’ ಅನ್ನೋ ಪದ ಕನ್ನಡ ಪೇಪರುಗಳಲ್ಲಿ ಹಾಗೇ ಉಳ್ಕೊಂಡಿದೆ, ಬೇಕಾದ್ರೆ ‘ಹಿರಿತನ ಕಡೆಗಣಿಸಿ’ ಅಂತ ಬರೀಬಹುದು, ಅಷ್ಟು ಏಟು ಬೀಳಲ್ಲ.

ಹಂಗಾಮಿ ಸ್ಪೀಕರ್ ಮಾಡೋಕೆ ‘ಹಿರಿಯ ಸದಸ್ಯ’ ಅಂತ ಹೇಗೆ ಆರಿಸ್ತಾರೆ?

ಹಂಗಾಮಿ ಸ್ಪೀಕರ್ ಅಂದ್ರೆ ಹೊಸ ಸದನದಲ್ಲಿ ಸ್ಪೀಕರ್ ಆಯ್ಕೆ ಆಗೋ ತನಕ ಆ ಕುರ್ಚಿಯಲ್ಲಿ ಕೂರೋರು. ಅವರನ್ನ ಆರಿಸೋಕೆ ಎಷ್ಟು ಸಲ ಗೆದ್ದಿದ್ದಾರೆ ಅಂತ ನೋಡೋದು ರೂಢಿ. 2023ರಲ್ಲಿ ನಮ್ಮ ವಿಧಾನಸಭೆಗೆ ಆರ್.ವಿ. ದೇಶಪಾಂಡೆ ಆದಾಗ ಯಾರೂ ತಕರಾರು ಎತ್ತಲಿಲ್ಲ. 2024ರಲ್ಲಿ ಲೋಕಸಭೆಯಲ್ಲಿ ಮಾತ್ರ ದೊಡ್ಡ ಗಲಾಟೆ ಆಯ್ತು: ಕೇರಳದ ಕೆ. ಸುರೇಶ್ ಎಂಟು ಸಲ ಗೆದ್ದವರು ಆದ್ರೆ ಮಧ್ಯೆ ಸೋತಿದ್ರು, ಕಟಕ್‌ನ ಭರ್ತೃಹರಿ ಮಹತಾಬ್ ಏಳು ಸಲ, ಒಂದೂ ಸೋಲಿಲ್ದೆ ಸತತವಾಗಿ. ಒಟ್ಟು ಲೆಕ್ಕ ಹಾಕಿದ್ರೆ ಸುರೇಶ್ ಹಿರಿಯ, ಬಿಡುವಿಲ್ದೆ ಲೆಕ್ಕ ಹಾಕಿದ್ರೆ ಮಹತಾಬ್. ಸರ್ಕಾರ ತನಗೆ ಬೇಕಾದ ಲೆಕ್ಕ ತಗೊಂಡು ಮಹತಾಬ್ ಅವರನ್ನ ಕೂರಿಸ್ತು. ಮೊದಲ ಪ್ರಶ್ನೆಯಲ್ಲೇ ‘ಯಾವ ಲೆಕ್ಕದಲ್ಲಿ, ಯಾವ ತಾರೀಕಿಂದ’ ಅಂತ ಕೇಳಿ ಅಂದಿದ್ದು ಇದಕ್ಕೇ.

ವಿಧಾನ ಪರಿಷತ್ತನ್ನ ‘ಹಿರಿಯರ ಮನೆ’, ‘ಮೇಲ್ಮನೆ’ ಅಂತಾರೆ, ಅಂದ್ರೆ ಅಧಿಕಾರ ಹೆಚ್ಚಾ?

ಕಮ್ಮಿ. ಹಣಕಾಸು ಮಸೂದೆಯನ್ನ ಪರಿಷತ್ತು ಹದಿನಾಲ್ಕು ದಿನಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ, ಸರ್ಕಾರ ಉಳಿಯೋದು ಉರುಳೋದು 224 ಜನರ ಕೆಳಮನೆಯಲ್ಲಿ, 75 ಜನರ ಮೇಲ್ಮನೆಯಲ್ಲಲ್ಲ. ಹಿರಿಯರು ಅನ್ನೋಕೆ ಒಂದೇ ಆಧಾರ, ವಿಧಾನಸಭೆಗೆ 25 ವರ್ಷ ಆಗಿದ್ರೆ ಸಾಕು, ಪರಿಷತ್ತಿಗೆ 30 ಆಗಿರಬೇಕು.

ಹಿರಿಯ ನಾಗರಿಕ ಆಗೋದು ಎಷ್ಟು ವರ್ಷಕ್ಕೆ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ 60. ಆದಾಯ ತೆರಿಗೆಯಲ್ಲೂ 60, 80 ಆದ್ರೆ ಅತಿ ಹಿರಿಯ ನಾಗರಿಕ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ರಾಜ್ಯದವರಿಗೆ 60ಕ್ಕೆ 25% ರಿಯಾಯ್ತಿ. ರೈಲಲ್ಲಿ ಗಂಡಸರಿಗೆ 60, ಹೆಂಗಸರಿಗೆ 58ಕ್ಕೇ ರಿಯಾಯ್ತಿ ಸಿಗ್ತಿತ್ತು, 2020ರ ಮಾರ್ಚಲ್ಲಿ ನಿಲ್ಲಿಸಿದ್ದು ನಿಂತೇ ಹೋಯ್ತು. ಲೋವರ್ ಬರ್ತ್ ಕೋಟಾ ಇನ್ನೂ ಇದೆ, ಅದರಲ್ಲಿ ಹೆಂಗಸರಿಗೆ 45 ಆದ್ರೆ ಸಾಕು, ಅವರನ್ನ ಹಿರಿಯರು ಅಂತ ಬಾಯಿಬಿಟ್ಟು ಕರೆಯೋ ಧೈರ್ಯ ಮಾಡಬೇಡಿ.

‘ಹಿರಿಯರ ಹಬ್ಬ’ ಅಂದ್ರೆ ವಯಸ್ಸಾದವರ ಹಬ್ಬಾನಾ?

ಹಳೇ ಮೈಸೂರು ಕಡೆಯವರು ಕೇಳಿದ್ರೆ ನಗ್ತಾರೆ. ಅದು ತೀರಿಕೊಂಡವರದ್ದು, ಮಹಾಲಯ ಅಮಾವಾಸ್ಯೆ ಆಸುಪಾಸಲ್ಲಿ ಬರೋದು. ಅವರ ಫೋಟೋ ಮುಂದೆ ಹೊಸ ಬಟ್ಟೆ, ಅವರಿಗೆ ಇಷ್ಟ ಇದ್ದ ತಿಂಡಿ, ಬೀಡಿ ಸೇದ್ತಿದ್ರೆ ಬೀಡಿ ಕಟ್ಟೂ ಇಟ್ಟು ಎಡೆ ಹಾಕ್ತಾರೆ. ‘ಹಿರಿಯರಿಗೆ ಇಟ್ರಾ?’ ಅಂತ ಆ ತಿಂಗಳಲ್ಲಿ ಕೇಳಿದ್ರೆ ಬೇರೆ ಅರ್ಥವೇ ಇಲ್ಲ. ಹಾಗಾಗಿ ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಸೀನಿಯರ್ ಸಿಟಿಜನ್ಸ್ ಡೇ ಮಾಡಿ ಕನ್ನಡದಲ್ಲಿ ‘ಹಿರಿಯರ ಹಬ್ಬ’ ಅಂತ ಬ್ಯಾನರ್ ಹಾಕೋಕೆ ಹೋಗಬೇಡಿ. ‘ಹಿರಿಯ ನಾಗರಿಕರ ದಿನ’ ಅಂತ ಹಾಕಿ.

ವಯಸ್ಸೂ ಇಲ್ಲ ಹುದ್ದೆಯೂ ಇಲ್ಲ, ಬರೀ ಗೌರವಕ್ಕೆ ‘ಹಿರಿಯ’ ಅನ್ನಬಹುದಾ?

ಧಾರಾಳವಾಗಿ, ಹನ್ನೆರಡನೇ ಶತಮಾನದಿಂದ ನಡ್ಕೊಂಡು ಬಂದಿದೆ. ‘ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ’ ಅಂತ ಬಸವಣ್ಣ ಹೇಳಿದ್ದು ಬಿಜ್ಜಳನ ಭಂಡಾರ ನೋಡ್ಕೋತಿದ್ದ ದೊಡ್ಡ ಹುದ್ದೆಯಲ್ಲಿರೋನು. ಹುದ್ದೆಯ ಲೆಕ್ಕ ಹಿಡಿದ್ರೆ ಆ ಸಾಲೇ ನಿಲ್ಲಲ್ಲ.

ಐಟಿ ಕಂಪನಿಯ ‘ಸೀನಿಯರ್ ಇಂಜಿನಿಯರ್’ಗೆ ಕನ್ನಡದಲ್ಲಿ ಏನಂತ ಹೇಳೋದು?

ಸೀನಿಯರ್ ಇಂಜಿನಿಯರ್ ಅಂತಾನೇ ಹೇಳಿ. ‘ಹಿರಿಯ ತಂತ್ರಾಂಶ ಅಭಿಯಂತರ’ ಅಂತ ಮದುವೆ ಬಯೋಡೇಟಾದಲ್ಲಿ ಹಾಕಿದ್ರೆ ಹುಡುಗಿ ಮನೆಯವರು ಮೊದಲು ವಯಸ್ಸು ಕೇಳ್ತಾರೆ. ಕಾಲೇಜಲ್ಲೂ ಅಷ್ಟೇ, ‘ಅವರು ನಮ್ಮ ಸೀನಿಯರ್’ ಅಂದ್ರೆ ಒಂದು ವರ್ಷ ಮುಂದಿದ್ರು ಅಂತ, ‘ಅವರು ನಮ್ಮ ಹಿರಿಯರು’ ಅಂದ್ರೆ ಅಜ್ಜನೋ ಅನ್ನೋ ಹಾಗೆ ಕೇಳುತ್ತೆ. ಕನ್ನಡದಲ್ಲಿ ಈ ಎರಡು ಪದ ಕೆಲಸ ಹಂಚ್ಕೊಂಡು ಬಿಟ್ಟಿವೆ, ಒಂದರ ಜಾಗದಲ್ಲಿ ಇನ್ನೊಂದನ್ನ ಬಲವಂತವಾಗಿ ಕೂರಿಸೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಮೇಲಧಿಕಾರಿ ಮತ್ತು ಹಿರಿಯ ಅಧಿಕಾರಿ?

ಮೇಲಧಿಕಾರಿ ಅಂದ್ರೆ ನಿಮ್ಮ ಮೇಲೆ ಇರೋರು, ನಿಮ್ಮ ರಜೆ ಅರ್ಜಿಗೆ ಸಹಿ ಹಾಕೋರು. ಹಿರಿಯ ಅಧಿಕಾರಿ ಯಾವ ಇಲಾಖೆಯವರಾದ್ರೂ ಆಗಬಹುದು, ನಿಮಗೂ ಅವರಿಗೂ ಸಂಬಂಧವೇ ಇಲ್ದೆ ಇರಬಹುದು. ವ್ಯಾಕರಣ ಬಲ್ಲವರು ‘ಮೇಲ್’ ಕನ್ನಡ ‘ಅಧಿಕಾರಿ’ ಸಂಸ್ಕೃತ, ಅರಿಸಮಾಸ ಅಂತ ಮುಖ ಸಿಂಡರಿಸ್ತಾರೆ, ಆಫೀಸಲ್ಲಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ನನಗಿಂತ ಚಿಕ್ಕ ವಯಸ್ಸಿನ ಮೇಲಧಿಕಾರಿಯನ್ನ ಹೇಗೆ ಕರೆಯೋದು? ಪತ್ರದಲ್ಲಿ ಏನಂತ ಬರೆಯೋದು?

ಸರ್, ಮೇಡಂ. ಉತ್ತರ ಕರ್ನಾಟಕದಲ್ಲಿ ಸಾಹೇಬ್ರ, ಮೇಡಮ್ಮಾರ. ವಯಸ್ಸು ಚಿಕ್ಕದಿದೆ ಅಂತ ‘ಏನಮ್ಮಾ’ ಅಂದ್ರೆ ಪ್ರೀತಿಯಿಂದ ಅಂದಿದ್ರೂ ಆಗಲ್ಲ, ಅವರೂ ನಿಮ್ಮ ವಯಸ್ಸಿಗೆ ಬೆಲೆ ಕೊಟ್ಟು ಹೆಸರಿನ ಜೊತೆ ‘ಅವರೇ’ ಸೇರಿಸಿದ್ರೆ ಚೆಂದ. ಪತ್ರದಲ್ಲಿ ‘ಮಾನ್ಯರೇ’ ಸಾಕು, ‘ಹಿರಿಯರೇ’ ಅಂತ ಅರ್ಜಿ ಶುರು ಮಾಡಬೇಡಿ. ಮೇಲಿನ ಮೇಲಿನವರಿಗೆ ಬರೆಯೋದಾದ್ರೆ ವಿಳಾಸದ ಕೆಳಗೆ ‘ಮೇಲಧಿಕಾರಿಗಳ ಮೂಲಕ’ ಅಂತ ಹಾಕಿ ನಿಮ್ಮ ಅಧಿಕಾರಿ ಕೈಲೇ ಕಳಿಸಿ, ತೀರಾ ಅರ್ಜೆಂಟ್ ಇದ್ರೆ ಒಂದು ಮುಂಗಡ ಪ್ರತಿ ನೇರವಾಗಿ ಕಳಿಸಿ ಅದರ ಮೇಲೆ ‘ಮುಂಗಡ ಪ್ರತಿ’ ಅಂತ ಬರೆದು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಇಟ್ಕೊಳ್ಳಿ.